ಯಾರದೋ ಅಟ್ಟದಲ್ಲಿ ಒಣಗಿದ ಸಾಫ್ಟ್‌ವೇರ್

ಕೊಬ್ಬರಿ ಅಂದರೆ ಕಾಯಿ ಒಡೆದು ಬಿಸಿಲಿಗೆ ಒಣಗಿಸಿದ್ದು ಅಂತ ಬೆಂಗಳೂರಿನ ನನ್ನ ಬಹಳಷ್ಟು ಗೆಳೆಯರು ತಿಳಿದುಕೊಂಡಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿ ಮಾಡೋದು ಹಾಗಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ತೆಗೀಬೇಕು. ಉತ್ತರ ಭಾರತದ ಯಾವುದೋ ಊರಿನ ಅಂಗಡಿಯಲ್ಲಿ ಅದನ್ನು ಕೊಳ್ಳೋರ ಲೆಕ್ಕಕ್ಕೆ ಈ ಒಂದು ವರ್ಷ ಬರೋದೇ ಇಲ್ಲ. ಅವರ ಪರವಾಗಿ ಯಾರದೋ ಅಟ್ಟ ಕಾದಿರುತ್ತೆ.

ನಾವು ದಿನಾ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋದೂ ಇದೇ ಥರ. 'ಆಪ್ಟ್ ಇನ್‌ಸ್ಟಾಲ್' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗೀತು. ಆ ಪ್ಯಾಕೇಜನ್ನು ಕಂಪೈಲ್ ಮಾಡಿದ್ದು ಯಾರು, ಎಲ್ಲಿ, ಯಾವ ಮೆಷಿನ್ನಲ್ಲಿ ಅಂತ ನಾವು ಕೇಳಲ್ಲ. ಈ 'ಕೇಳದೇ ಇರೋದು' ಹೇಗೆ ಶುರುವಾಯ್ತು ಅನ್ನೋದಕ್ಕೆ ಒಂದು ಚರಿತ್ರೆ ಇದೆ.

ಯುನಿಕ್ಸ್ ಕಾಲದಲ್ಲಿ ಸಾಫ್ಟ್‌ವೇರ್ ಟೇಪಿನಲ್ಲಿ ಬರ್ತಿತ್ತು, ಬಹಳ ಸಲ ಸೋರ್ಸ್ ಕೋಡ್ ಆಗಿ. ನಿಮ್ಮ ಮೆಷಿನ್‌ಗೆ ತಕ್ಕ ಹಾಗೆ ನೀವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಯಾವ ಫೈಲ್ ಆದಮೇಲೆ ಯಾವುದು ಅನ್ನೋ ಗೋಳಾಟ ತಪ್ಪಿಸೋಕೆ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ 'ಮೇಕ್' ಬರೆದರು. ಆದರೂ ಕಾಯಿ ನಿಮ್ಮದೇ, ಒಣಗಿಸೋ ಕೆಲಸವೂ ನಿಮ್ಮದೇ.

ಲಿನಕ್ಸ್ ಬಂದಮೇಲೆ ಈ ಕೆಲಸವನ್ನು ಹತ್ತು ಜನರ ಪರವಾಗಿ ಒಬ್ಬರು ಮಾಡಿಕೊಡುವ ಪದ್ಧತಿ ಬೆಳೀತು. 1993ರಲ್ಲಿ ಸ್ಲ್ಯಾಕ್‌ವೇರ್ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದರು. 1994ರಲ್ಲಿ ಫ್ರೀಬಿಎಸ್‌ಡಿಯ 'ಪೋರ್ಟ್ಸ್', 1995ರಲ್ಲಿ ರೆಡ್ ಹ್ಯಾಟ್‌ನ ಆರ್‌ಪಿಎಂ, 1997ರಲ್ಲಿ ನೆಟ್‌ಬಿಎಸ್‌ಡಿಯ ಪ್ಯಾಕೇಜ್‌ಸೋರ್ಸ್ ಬಂದವು. ಎಲ್ಲದರ ಹಿಂದಿನ ಯೋಚನೆ ಒಂದೇ: ಪ್ಯಾಚ್ ಯಾವುದು, ಯಾವ ಲೈಬ್ರರಿ ಮೊದಲು ಬೇಕು, ಯಾವ ಫೈಲ್ ಎಲ್ಲಿ ಕೂರಬೇಕು ಅಂತ ಒಂದು ಸಲ ಬರೆದಿಟ್ಟರೆ, ಆಮೇಲೆ ಮೆಷಿನ್ನೇ ಕಟ್ಟಿಕೊಳ್ಳಲಿ.

ಕಷ್ಟ ಇದ್ದದ್ದು ಸಂಖ್ಯೆಯಲ್ಲಿ. 1996ರ ಡೆಬಿಯನ್ 1.1ರಲ್ಲಿ ಇದ್ದದ್ದು 474 ಪ್ಯಾಕೇಜು. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು. ಸಾಲದ್ದಕ್ಕೆ ಪ್ರೊಸೆಸರ್‌ಗಳು ಬೇರೆ ಬೇರೆ. 2002ರ ಡೆಬಿಯನ್ 3.0 ಹನ್ನೊಂದು ಥರದ ಮೆಷಿನ್‌ಗಳಿಗೆ ಬಂತು. ಪ್ಯಾಕೇಜ್ ನೋಡಿಕೊಳ್ಳೋರ ಮನೆಯಲ್ಲಿ ಇದ್ದದ್ದು ಸಾಮಾನ್ಯವಾಗಿ ಒಂದು ಇಂಟೆಲ್ ಪಿಸಿ. ಅವರು ಅದರಲ್ಲಿ ಕಟ್ಟಿ ಅಪ್‌ಲೋಡ್ ಮಾಡ್ತಿದ್ದರು. ಉಳಿದ ಮೆಷಿನ್‌ಗಳಿಗೆ ಯಾರು ಕಟ್ಟಬೇಕು?

ಮೊದಲು ಈ ಬಿಸಿ ತಟ್ಟಿದ್ದು ಅಮಿಗಾ, ಅಟಾರಿಯಂಥ ಹಳೇ ಮೆಷಿನ್‌ಗಳಲ್ಲಿ ಡೆಬಿಯನ್ ಓಡಿಸ್ತಿದ್ದ ಗುಂಪಿಗೆ. ಆ ಮೆಷಿನ್‌ಗಳು ಎಷ್ಟು ನಿಧಾನ ಅಂದರೆ ದೊಡ್ಡ ಪ್ಯಾಕೇಜು ಮುಗಿಯೋಕೆ ದಿನಗಟ್ಟಲೆ ಬೇಕು. ಕೈಯಲ್ಲಿ ಒಂದೊಂದೇ ಮಾಡ್ತಾ ಕೂತರೆ ಆಯಸ್ಸು ಸಾಲಲ್ಲ. ಆ ಗುಂಪಿನ ರೋಮನ್ ಹೋಡೆಕ್ 'ಬಿಲ್ಡ್‌ಡಿ' ಅನ್ನೋ ವ್ಯವಸ್ಥೆ ಬರೆದರು. ಹೊಸ ಸೋರ್ಸ್ ಬಂತಾ, ಪಟ್ಟಿಗೆ ಸೇರಿಸು. ಬಿಡುವಾಗಿರೋ ಮೆಷಿನ್ ಅದನ್ನು ಎತ್ತಿಕೊಂಡು ಕಟ್ಟಲಿ. ಕೆಟ್ಟರೆ ಲಾಗ್ ಕಳಿಸಲಿ, ಮನುಷ್ಯರು ನೋಡಲಿ. ನಿಧಾನದ ಮೆಷಿನ್‌ಗಾಗಿ ಹುಟ್ಟಿದ ಈ ಉಪಾಯವೇ ಮುಂದೆ ಇಡೀ ಡೆಬಿಯನ್ನಿನ ಪದ್ಧತಿ ಆಯ್ತು.

ಸಗಟಾಗಿ ಕಟ್ಟೋದರಲ್ಲಿ ಎರಡು ಗುಟ್ಟಿದೆ. ಒಂದು, ಪ್ರತಿ ಪ್ಯಾಕೇಜನ್ನೂ ಖಾಲಿ ಕೋಣೆಯಲ್ಲಿ ಕಟ್ಟಬೇಕು. ಬೇಕು ಅಂತ ಬರೆದುಕೊಟ್ಟ ಲೈಬ್ರರಿಗಳು ಮಾತ್ರ ಆ ಕೋಣೆಯಲ್ಲಿರಬೇಕು. 'ನನ್ನ ಮೆಷಿನ್ನಲ್ಲಿ ಓಡ್ತಿತ್ತಲ್ಲ' ಅನ್ನೋ ನಮ್ಮ ಆಫೀಸಿನ ಅಮರ ವಾಕ್ಯಕ್ಕೆ ಅಲ್ಲಿ ಬೆಲೆ ಇಲ್ಲ. ಎರಡು, ಕ್ರಮ. ತಳದ ಒಂದು ಲೈಬ್ರರಿ ಕಟ್ಟೋದರಲ್ಲಿ ಎಡವಿದರೆ ಅದನ್ನು ನಂಬಿದ ಸಾವಿರಾರು ಪ್ಯಾಕೇಜು ಸಾಲಾಗಿ ನಿಂತುಬಿಡುತ್ತವೆ.

ಕಟ್ಟಿದ್ದು ನಮ್ಮಂಥೋರ ಕೈಗೆ ಬಂದದ್ದು ಸೀಡಿಯಲ್ಲಿ. ತೊಂಬತ್ತರ ದಶಕದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಜೊತೆ ಲಿನಕ್ಸ್ ಸೀಡಿ ಬರ್ತಿತ್ತು. 2005ರಿಂದ 2011ರವರೆಗೆ ಉಬುಂಟುವಿನವರು 'ಶಿಪ್‌ಇಟ್' ಹೆಸರಲ್ಲಿ ಕೇಳಿದವರಿಗೆಲ್ಲ ಪುಕ್ಕಟೆ ಸೀಡಿ ಅಂಚೆಯಲ್ಲಿ ಕಳಿಸಿದರು. ನಾನು ಬಿಇ ಓದುವಾಗ ನಮ್ಮೂರಿನ ವಿಳಾಸಕ್ಕೂ ಒಂದು ಬಂತು. ವಿದೇಶದ ಲಕೋಟೆ ನೋಡಿ ಅಪ್ಪ ಕೇಳಿದ್ದು, 'ಎಷ್ಟು ಕಟ್ಟಿದ್ಯಪ್ಪ ಇದಕ್ಕೆ?'

'ಏನೂ ಇಲ್ಲ, ಪುಕ್ಕಟೆ.'

'ಪುಕ್ಕಟೆ ಯಾಕೆ ಕಳಿಸ್ತಾರೋ? ಯಾರವರು?'

ಮಂಡಿಯಲ್ಲಿ ಮೂಟೆ ಬಿಚ್ಚಿ, ಕೊಬ್ಬರಿ ಕೈಯಲ್ಲಿ ಹಿಡಿದು, ಮುರಿದು ನೋಡದೆ ರೇಟು ಹೇಳದ ವ್ಯಾಪಾರಿಗಳನ್ನೇ ಕಂಡವರು ಅಪ್ಪ. ಆ ಪ್ರಶ್ನೆ ಸರಿಯಾಗೇ ಇತ್ತು. ಕೊಬ್ಬರಿಯನ್ನಾದರೂ ಮುರಿದು ನೋಡಬಹುದು. ಬೈನರಿಯನ್ನು ಮುರಿದರೆ ಒಳಗೆ ಕಾಣೋದು ಬರೀ ಅಂಕಿ.

ಆ ಸೀಡಿಯ ಹಿಂದಿನ ಸರಪಳಿಯಲ್ಲಿ ಕನ್ನಡವೂ ಇತ್ತು. ಕನ್ನಡ ಯುನಿಕೋಡ್‌ಗೆ ಸೇರಿದ್ದು 1991ರಲ್ಲಿ, ಆದರೆ ಫಾಂಟ್ ಇಲ್ಲದೆ ಪರದೆಯ ಮೇಲೆ ಕಾಣೋದು ಬರೀ ಚೌಕ. ಡೆಬಿಯನ್ನಿನ ಹಳೇ ಕನ್ನಡ ಫಾಂಟ್ ಪ್ಯಾಕೇಜಿನಲ್ಲಿ ಕೇದಗೆ, ಮಲ್ಲಿಗೆ ಇದ್ದವು. ರೆಡ್ ಹ್ಯಾಟ್ 2004ರಲ್ಲಿ ಜಿಪಿಎಲ್ ಅಡಿ ಬಿಟ್ಟ ಲೋಹಿತ್ ಸರಣಿಗೆ ಆಮೇಲೆ ಕನ್ನಡವೂ ಸೇರಿತು. ಮುಂದೆ ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಬಂದವು. ಗುಬ್ಬಿ ಅಂದಾಗ ನಮ್ಮ ಪಕ್ಕದ ತಾಲೂಕೇ ಡೆಬಿಯನ್‌ಗೆ ಹೋಯ್ತು ಅಂತ ಹಿಗ್ಗಿದ್ದೆ. ಜೊತೆಗೆ ನವಿಲನ್ನು ನೋಡಿದಾಗ ಅದು ಹಕ್ಕಿ ಅಂತ ಗೊತ್ತಾಯ್ತು. ಫಾಂಟ್ ಬರೆದವರು ಒಬ್ಬರು, ಪ್ಯಾಕೇಜ್ ಮಾಡಿದವರು ಇನ್ನೊಬ್ಬರು, ಕಟ್ಟಿದ ಮೆಷಿನ್ ಮತ್ತೆಲ್ಲೋ. ಮೂರೂ ಸೇರಿದ್ದಕ್ಕೇ ಅಮೆರಿಕದಲ್ಲಿ ಲಿನಕ್ಸ್ ಹಾಕಿದವನಿಗೂ ಕನ್ನಡ ನೆಟ್ಟಗೆ ಕಾಣೋದು.

ಅಪ್ಪನ ಪ್ರಶ್ನೆಯನ್ನು ಕೆನ್ ಥಾಂಪ್ಸನ್ 1984ರಲ್ಲೇ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಬೇರೆ ಥರ ಎತ್ತಿದ್ದರು. ಕಂಪೈಲರ್ ಒಳಗೇ ಕಳ್ಳ ಕೂತರೆ ಸೋರ್ಸ್ ಓದಿದರೂ ಅವನು ಕಾಣಲ್ಲ ಅಂತ ತೋರಿಸಿದರು. ಪ್ಯಾಕೇಜ್ ಲೋಕ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರ ಕೊಡ್ತಾ ಬಂದಿದೆ. 2007ರ ಡೆಬಿಯನ್ 4.0ರಲ್ಲಿ ಆಪ್ಟ್ ತಾನೇ ಸಹಿ ಪರೀಕ್ಷೆ ಮಾಡೋಕೆ ಶುರುಮಾಡಿತು. ದಾರಿಯಲ್ಲಿ ಯಾರೋ ಮೂಟೆ ಬದಲಾಯಿಸಿದರೆ ಗೊತ್ತಾಗುತ್ತೆ. 2013ರಲ್ಲಿ 'ರಿಪ್ರೊಡ್ಯೂಸಿಬಲ್ ಬಿಲ್ಡ್ಸ್' ಕೆಲಸ ಹಿಡಿದರು. ಅದೇ ಸೋರ್ಸನ್ನು ಇಬ್ಬರು ಬೇರೆ ಬೇರೆ ಕಡೆ ಕಟ್ಟಿದರೆ ಒಂದು ಬಿಟ್ ಕೂಡ ವ್ಯತ್ಯಾಸ ಬರಬಾರದು. ಎರಡು ಅಟ್ಟದ ಕೊಬ್ಬರಿ ಒಂದೇ ಥರ ಇರೋದು ಆಗದ ಮಾತು. ಸಾಫ್ಟ್‌ವೇರ್‌ನಲ್ಲಿ ಆಗುತ್ತೆ, ಕಟ್ಟಿದ ತಾರೀಖು, ಫೋಲ್ಡರ್ ಹೆಸರಿನಂಥ ಸಣ್ಣ ಸಣ್ಣ ಕೊಳೆ ತೆಗೆದರೆ. 2019ರಿಂದ ಡೆಬಿಯನ್, ಜನ ಮನೆಯಲ್ಲಿ ಕಟ್ಟಿ ಕಳಿಸಿದ ಬೈನರಿಗಳನ್ನು ಮುಂದಿನ ಬಿಡುಗಡೆಗೆ ತಗೊಳ್ಳೋದನ್ನೂ ನಿಲ್ಲಿಸಿತು. ಸೋರ್ಸ್ ಕೊಡಿ, ಕಟ್ಟೋದು ನಮ್ಮ ಮೆಷಿನ್ ಅಂತ.

ಇಷ್ಟಾದರೂ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣ ಆಯ್ತು. ಫೈಲ್ ಕುಗ್ಗಿಸೋ ಸಣ್ಣ ಸಾಫ್ಟ್‌ವೇರ್ ಅದು, ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇರುತ್ತೆ. ಅದನ್ನು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದವರ ಪಕ್ಕ 'ಜಿಯಾ ಟಾನ್' ಅನ್ನೋ ಹೆಸರಿನವರು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೇ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಬಿಡುಗಡೆಯ ಕಟ್ಟಿನೊಳಗೆ ಹಿಂಬಾಗಿಲು ಇಟ್ಟರು. ಆ ಕೋಡ್ ಮೊದಲು ನೋಡ್ತಿದ್ದದ್ದು ಏನನ್ನ ಗೊತ್ತಾ? ಈಗ ಕಟ್ಟುತ್ತಿರೋದು ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಾ ಅಂತ. ಹೌದಾದರೆ ಮಾತ್ರ ವಿಷ ಬೆರೆಸ್ತಿತ್ತು. ಒಬ್ಬೊಬ್ಬರ ಮನೆಗೆ ನುಗ್ಗೋದು ಯಾಕೆ, ಎಲ್ಲರಿಗೂ ಹಂಚುವ ಅಟ್ಟಕ್ಕೇ ಹೋದರಾಯ್ತು ಅನ್ನೋ ಲೆಕ್ಕ. ಸಹಿ ಸರಿಯಾಗಿತ್ತು, ಕೋಣೆ ಶುಚಿಯಾಗಿತ್ತು, ಬಂದ ಕಾಯಲ್ಲೇ ಹುಳ ಇತ್ತು. ಅದು ಬಯಲಾದದ್ದು, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಯಾಕೆ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ತಲೆ ಕೆಡಿಸಿಕೊಂಡದ್ದರಿಂದ. ಡೆಬಿಯನ್ನಿನ ಸ್ಟೇಬಲ್ ಆವೃತ್ತಿಗೆ ಅದು ಮುಟ್ಟಿರಲಿಲ್ಲ.

ಇದನ್ನು ಓದಿ ಇನ್ಮೇಲೆ ಎಲ್ಲ ನಾನೇ ಕಂಪೈಲ್ ಮಾಡ್ತೀನಿ ಅಂತ ಹೊರಡಬೇಡಿ. ಹಾಳಾದ ಸೋರ್ಸನ್ನು ನೀವು ಕಟ್ಟಿದರೂ ಹಾಳೇ. ಹಂಚಿಕೊಂಡು ಕಟ್ಟುವ ಪದ್ಧತಿ ನಮಗೆ ಉಳಿಸಿಕೊಟ್ಟಿರೋ ಸಮಯಕ್ಕೆ ಲೆಕ್ಕವೇ ಇಲ್ಲ. ನನಗೆ ಚಿಂತೆ ಇರೋದು ಕಾಯೋ ಜನರ ಬಗ್ಗೆ. ನಮ್ಮ ಕಡೆ ಎಳನೀರಿಗೆ ಒಳ್ಳೇ ರೇಟು ಸಿಕ್ಕರೆ ವರ್ಷಗಟ್ಟಲೆ ಅಟ್ಟದಲ್ಲಿ ಕಾಯೋ ತಾಳ್ಮೆ ಯಾರಿಗೂ ಇರಲ್ಲ, ಸುಲಿಯೋಕೆ ಆಳೂ ಸಿಗಲ್ಲ. ಪ್ಯಾಕೇಜ್ ನೋಡಿಕೊಳ್ಳೋ ಕೆಲಸಕ್ಕೆ ರೇಟೂ ಇಲ್ಲ, ಹೆಸರೂ ಇಲ್ಲ. ಡಾಕರ್ ಇಮೇಜ್ ಎಳೆದುಕೊಳ್ಳೋ ನಮ್ಮಲ್ಲಿ ಒಳಗೇನಿದೆ ಅಂತ ನೋಡೋರೂ ಕಮ್ಮಿ.

ನಾಳೆ ಆಫೀಸಲ್ಲಿ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟ್ ನಂಬಿಕೊಂಡಿರೋ ಒಂದು ಪ್ಯಾಕೇಜ್ ಆರಿಸಿಕೊಂಡು 'ಆಪ್ಟ್ ಶೋ' ಕೊಡಿ. 'ಮೇಂಟೇನರ್' ಅನ್ನೋ ಸಾಲಿನಲ್ಲಿ ಒಬ್ಬರದೋ ಒಂದು ತಂಡದ್ದೋ ಹೆಸರಿರುತ್ತೆ. ಅವರ ಬಾಕಿ ಬಗ್ ಪಟ್ಟಿ ತೆರೆದು ನೋಡಿ, ಒಂದಾದರೂ ನಿಮ್ಮ ಕೈಲಿ ಆಗೋ ಥರದ್ದು ಇದ್ದೇ ಇರುತ್ತೆ. ಕನ್ನಡದ ಫಾಂಟ್ ಪ್ಯಾಕೇಜುಗಳಿಂದಲೇ ಶುರುಮಾಡಿದರೂ ಆದೀತು. ಒತ್ತಕ್ಷರ ತಪ್ಪಾಗಿ ಕಂಡರೆ ಗುರುತಿಸೋಕೆ ಕನ್ನಡ ಓದೋಕೆ ಬರೋರೇ ಬೇಕು.