ಎದೆಗೂಡಿನ ಅಂಗರಚನೆ: ಅರಿವು ಬೆಳೆದುಬಂದ ದಾರಿ

ಯುಗಾದಿಯ ಮರುದಿನ, ವರ್ಷತೊಡಕಿನ ಬೆಳಗಿನಲ್ಲಿ, ಶಿರಾ ತಾಲ್ಲೂಕಿನ ಗೌಡಗೆರೆಯ ಸೀಮೆಯಲ್ಲಿ ನಾಲ್ಕಾರು ಮನೆಯವರು ಕೂಡಿ ಕೊಂಡ ಕುರಿಯನ್ನು ಹೊಂಗೆಯ ನೆರಳಿನಲ್ಲಿ ಗುಡ್ಡೆಗುಡ್ಡೆಯಾಗಿ ಪಾಲುಮಾಡುವುದನ್ನು ಹತ್ತಿರ ಕುಳಿತು ನೋಡಿದ ಬಾಲಕನು, ಎದೆಗೂಡಿನ ಅಂಗರಚನೆಯ ಮೊದಲ ಪಾಠವನ್ನು ಯಾವ ಗ್ರಂಥದ ನೆರವೂ ಇಲ್ಲದೆ ಕಲಿತಂತೆಯೇ ಸರಿ. ಪಕ್ಕೆಲುಬುಗಳ ಗೂಡನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ನಸುಗೆಂಪಾದ, ಬೆರಳಿಟ್ಟರೆ ಮೆತ್ತಗೆ ತಗ್ಗುವ ಪುಪ್ಪುಸ. ಅದರ ಎಡಬಲದ ಭಾಗಗಳ ನಡುವೆ, ತೆಳುವಾದ ಚೀಲವೊಂದರೊಳಗೆ ಅಡಗಿರುವುದು ಗುಂಡಿಗೆ. ಇವೆರಡಕ್ಕೂ ನೆಲಗಟ್ಟಿನಂತೆ, ಹೊಟ್ಟೆಯನ್ನು ಎದೆಯಿಂದ ಬೇರ್ಪಡಿಸಿ ಹರಡಿಕೊಂಡಿರುವುದು ವಪೆಯೆಂಬ ಮಾಂಸದ ಪರದೆ. ಪಾಲು ಹಾಕುವ ಹಿರಿಯನು, ಎಲ್ಲ ಗುಡ್ಡೆಗೂ ಒಂದೊಂದು ತುಣುಕು ಸಲ್ಲಬೇಕೆಂದು ಗುಂಡಿಗೆಯನ್ನು ಸೀಳಿದಾಗ, ಅದರ ಒಳಗೆ ನಡುಗೋಡೆಯೊಂದು ಇರುವುದೂ, ಎಡಗಡೆಯ ಮಾಂಸವು ಬಲಗಡೆಯದಕ್ಕಿಂತ ಬಹಳ ದಪ್ಪವಾಗಿರುವುದೂ ಬಯಲಾಗುವುದು. ತೊಳೆಯುವ ಪಾತ್ರೆಯಲ್ಲಿ ಈಲಿಯು ಮುಳುಗಿ ಪುಪ್ಪುಸವು ತೇಲಿದರೆ, ಒಂದು ರಕ್ತದಿಂದಲೂ ಮತ್ತೊಂದು ಗಾಳಿಯಿಂದಲೂ ತುಂಬಿದುದೆಂಬ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ.

ಕೈಯಿಂದ ಕಲಿತ ಈ ಅರಿವು ಬೆಲೆಯುಳ್ಳದ್ದು. ಆದರೆ ಅದರಲ್ಲಿ ಒಂದು ತೊಡಕೂ ಉಂಟು. ಕುರಿಗೆ ಸಾಮಾನ್ಯವಾಗಿ ಪಕ್ಕೆಲುಬುಗಳು 13 ಜೊತೆ, ಮನುಷ್ಯನಿಗೆ 12. ಕುರಿಯ ಎದೆ ಎರಡು ಪಕ್ಕಗಳಿಂದ ಒತ್ತಿದಂತೆ ಇಕ್ಕಟ್ಟಾದುದು, ಮನುಷ್ಯನದು ಹಿಂದುಮುಂದಿನಿಂದ ಒತ್ತಿದಂತೆ ಅಗಲವಾದುದು. ಪಶುವಿನ ಒಡಲನ್ನು ಬಲ್ಲವನು ನರನ ಒಡಲನ್ನೂ ಬಲ್ಲೆನೆಂದು ಭಾವಿಸಿದ ತಪ್ಪಿನಿಂದ ಪಾಶ್ಚಾತ್ಯ ವೈದ್ಯವು ಸಾವಿರದ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ನರಳಿತೆಂಬುದನ್ನು ನೆನೆದರೆ, ಎದೆಗೂಡಿನ ಅರಿವು ಬೆಳೆದುಬಂದ ದಾರಿ ಎಷ್ಟು ದೀರ್ಘವಾದುದೆಂಬುದು ವಿಶದವಾಗುವುದು. ಆ ದಾರಿಯಲ್ಲಿ ಮೊದಲು ಕೈ, ಬಳಿಕ ಕಣ್ಣು, ಬಳಿಕ ಕಿವಿ, ಆಮೇಲೆ ಕಿರಣ, ಎಲ್ಲಕ್ಕೂ ಕೊನೆಯಲ್ಲಿ ರೋಗಿಯ ಮಾತು ಒಂದೊಂದಾಗಿ ಸಾಧನಗಳಾಗಿ ಒದಗಿದುವು. ಆ ಕೊನೆಯ ಹೆಜ್ಜೆಯನ್ನು ಇಟ್ಟ ನೆಲ ನಮ್ಮ ತುಮಕೂರು ಜಿಲ್ಲೆಯೆಂಬುದೇ ಈ ಲೇಖನವನ್ನು ಬರೆಯಲು ಪ್ರೇರಣೆ.

ನಮ್ಮ ದೇಶದಲ್ಲಿ ಶವಪರೀಕ್ಷೆಯ ವಿಧಾನವನ್ನು ಸ್ಪಷ್ಟವಾಗಿ ಹೇಳಿದವನು ಸುಶ್ರುತ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿರಿಸಿ, ಮೆಲ್ಲನೆ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಆ ಬಳಿಕ ಲಾವಂಚ, ಕೂದಲು, ಬಿದಿರು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲಾಗಿ ಒಳಗಣ ಅಂಗಗಳವರೆಗೆ ಒಂದೊಂದನ್ನೂ ಕಣ್ಣಾರೆ ಕಾಣಬೇಕೆಂದು ಆತನು ವಿಧಿಸಿರುವನು. ಹೃದಯವು ಕೆಳಮೊಗವಾದ ತಾವರೆಯ ಮೊಗ್ಗಿನಂತಿರುವುದೆಂದು ಹೇಳಿ, ಅದರ ಕೆಳಗೆ ಎಡಕ್ಕೆ ಪ್ಲೀಹವನ್ನೂ ಪುಪ್ಪುಸವನ್ನೂ, ಬಲಕ್ಕೆ ಯಕೃತ್ತನ್ನೂ ಕ್ಲೋಮವನ್ನೂ ಸೂಚಿಸಿರುವ ಆತನು, ದೇಹದ 107 ಮರ್ಮಗಳಲ್ಲಿ ಒಂಬತ್ತನ್ನು ಎದೆಯಲ್ಲಿಯೇ ಎಣಿಸಿದನು. ಹೃದಯವು ಎಚ್ಚರದಲ್ಲಿ ಅರಳಿ ನಿದ್ದೆಯಲ್ಲಿ ಮುಗಿಯುವುದೆಂಬ ಮಾತು ಇಂದಿಗೆ ನಿಲ್ಲದು. ಆದರೆ ತುದಿ ಕೆಳಗೂ ಬುಡ ಮೇಲೂ ಆಗಿ ತೂಗಿರುವ ಅದರ ಆಕಾರಕ್ಕೆ ಮೊಗ್ಗಿಗಿಂತ ಒಪ್ಪುವ ಹೋಲಿಕೆಯನ್ನು ಇಂದಿಗೂ ಹುಡುಕುವುದು ಕಷ್ಟ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ರಚಿಸಿದರು. ಇವುಗಳ ಆಸಕ್ತಿ ಚಿಕಿತ್ಸೆಯ ಕಡೆಗೆ. ಒಡಲನ್ನು ಬಿಚ್ಚಿ ನೋಡುವ ಸುಶ್ರುತನ ವಿಧಾನವು ಅಷ್ಟರಲ್ಲಿ ಆಚರಣೆಯಿಂದ ಮರೆಯಾಗುತ್ತ ಬಂದಿತ್ತು.

ಪಶ್ಚಿಮದಲ್ಲಿ ಎರಡನೆಯ ಶತಮಾನದ ಗೇಲನ್ ಮಹಾಶಯನು ವಾನರಾದಿ ಪ್ರಾಣಿಗಳನ್ನು ಛೇದಿಸಿ ಕಂಡುದನ್ನು ಮನುಷ್ಯನಿಗೆ ಅನ್ವಯಿಸಿದನು. ಎದೆಯ ನಡುವಣ ಎಲುಬಿನಲ್ಲಿ ಏಳು ತುಂಡುಗಳಿವೆಯೆಂದೂ, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ರಕ್ತವು ಅವುಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುವುದೆಂದೂ ಆತನು ಹೇಳಿದುದನ್ನು ಬಹುಕಾಲ ಯಾರೂ ಪ್ರಶ್ನಿಸದೆ ಒಪ್ಪಿದರು. ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸನು ನಡುಗೋಡೆಯಲ್ಲಿ ರಂಧ್ರವಿಲ್ಲ, ರಕ್ತವು ಪುಪ್ಪುಸಗಳನ್ನು ಸುತ್ತಿಯೇ ಎಡಕ್ಕೆ ಬರಬೇಕೆಂದು ಬರೆದನು. ಆದರೆ ಆ ಮಾತು ಯೂರೋಪಿನಲ್ಲಿ ಮನ್ನಣೆ ಪಡೆಯಲಿಲ್ಲ. 1543ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ವೆಸೇಲಿಯಸ್, ಮಾನವಶವಗಳನ್ನು ತನ್ನ ಕೈಯಿಂದಲೇ ಛೇದಿಸಿ ಕಂಡುದನ್ನು ಚಿತ್ರಗಳ ಸಮೇತ ಮುಂದಿಟ್ಟು, ಎದೆಯೆಲುಬಿನ ಭಾಗಗಳು ಏಳಲ್ಲ, ಮೂರೆಂದು ತೋರಿಸಿದನು. ವರ್ಷತೊಡಕಿನ ಕುರಿಯಿಂದ ಮನುಷ್ಯನಿಗೆ ಹಾರುವ ತಪ್ಪು ಅಲ್ಲಿಗೆ ತಿದ್ದಿತು.

ಆದರೆ ಅಂಗಗಳ ಆಕಾರವನ್ನು ಬಲ್ಲವನು ಅವುಗಳ ಕಾರ್ಯವನ್ನೂ ಬಲ್ಲನೆಂದಾಗದು. ಇದನ್ನು ತಿಳಿಯಲು ನಮ್ಮ ಹಳ್ಳಿಯ ಕುಲುಮೆಗೆ ಹೋಗಿ ತೊಗಲಿನ ತಿದಿಯ ಮುಂದೆ ಒಂದು ಗಳಿಗೆ ಕುಳಿತರೆ ಸಾಕು. ತಿದಿಯ ಹಿಡಿಯನ್ನು ಎತ್ತಿದಾಗ ಒಳಗಣ ಅವಕಾಶ ಹಿಗ್ಗುವುದು, ಗಾಳಿ ತಾನಾಗಿ ಒಳನುಗ್ಗುವುದು. ಒತ್ತಿದಾಗ ಗಾಳಿಬಾಯಿಗೆ ಹಚ್ಚಿದ ತೊಗಲಿನ ಚೂರು ತಟ್ಟನೆ ಮುಚ್ಚಿಕೊಂಡು, ಗಾಳಿಯು ಬಂದ ದಾರಿಯಲ್ಲಿ ಹಿಂದಿರುಗಲಾರದೆ ಕೊಳವೆಯ ಮೂಲಕ ಕೆಂಡಕ್ಕೆ ಹೊಡೆಯುವುದು. ಈ ಒಂದೇ ಉಪಕರಣದಲ್ಲಿ ಎದೆಗೂಡಿನ ಎರಡು ರಹಸ್ಯಗಳೂ ಇವೆ. ಹಿಡಿಯನ್ನು ಎತ್ತುವ ಕೆಲಸವನ್ನು ಎದೆಯಲ್ಲಿ ವಪೆಯೂ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ಮಾಡುವುವು. ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ ಗೂಡು ಹಿಗ್ಗಿ, ಹಿಗ್ಗಲು ತನ್ನದೇ ಆದ ಸ್ನಾಯುಬಲವಿಲ್ಲದ ಪುಪ್ಪುಸವು ಅದರೊಡನೆ ಹಿಗ್ಗುವುದು. ತೊಗಲಿನ ಚೂರಿನ ಕೆಲಸವನ್ನು ಹೃದಯದಲ್ಲಿ ನಾಲ್ಕು ಕವಾಟಗಳು ಮಾಡಿ, ರಕ್ತವು ಹಿಮ್ಮೆಟ್ಟದಂತೆ ತಡೆಯುವುವು. ಧಮನಿಯೆಂಬ ನಮ್ಮ ಹಳೆಯ ಶಬ್ದವು ಊದುವುದೆಂಬ ಅರ್ಥದ ಧಾತುವಿನಿಂದಲೇ ಹುಟ್ಟಿದುದು. ಗ್ರೀಕರೂ ಆ ನಾಳಗಳು ಗಾಳಿಯನ್ನು ಹೊರುವುವೆಂದೇ ಬಹುಕಾಲ ನಂಬಿದ್ದರು. ಸತ್ತ ಪ್ರಾಣಿಯಲ್ಲಿ ಧಮನಿಗಳು ಬಹುಮಟ್ಟಿಗೆ ಬರಿದಾಗಿ ಕಾಣುವುದರಿಂದ ಈ ಭ್ರಮೆ ಸಹಜವೇ ಆಗಿದ್ದಿತು.

ಆ ಭ್ರಮೆಯ ಉಳಿದ ಬೇರುಗಳನ್ನೂ ಲೆಕ್ಕಾಚಾರದಿಂದ ಕಿತ್ತವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1628ರ ತನ್ನ ಕಿರುಹೊತ್ತಗೆಯಲ್ಲಿ, ಹೃದಯವು ಒಂದು ಬಡಿತಕ್ಕೆ ಹೊರದೂಡುವ ರಕ್ತವು ಎಷ್ಟೇ ಅಲ್ಪವೆಂದು ಇಟ್ಟುಕೊಂಡರೂ, ಅರ್ಧ ಗಂಟೆಯಲ್ಲಿ ಹಾಯುವ ಒಟ್ಟು ರಕ್ತವು ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚಾಗುವುದೆಂದೂ, ತಿಂದ ಅನ್ನದಿಂದ ಅಷ್ಟು ರಕ್ತವು ಹೊಸದಾಗಿ ಹುಟ್ಟುವುದು ಅಸಾಧ್ಯವಾದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕೆಂದೂ ಆತನು ಸಾಧಿಸಿದನು. ಇಂದಿನ ಲೆಕ್ಕದಂತೆ, ಸುಮಾರು 300 ಗ್ರಾಂ ತೂಗುವ ಗುಂಡಿಗೆಯು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಸುಮಾರು 5 ಲೀಟರಿನಂತೆ, ಗಂಟೆಗೆ ನಮ್ಮ ಮನೆಗಳ ಇಪ್ಪತ್ತು ಕೊಡಗಳಷ್ಟು ರಕ್ತವನ್ನು ಸಾಗಿಸುವುದು. ದೇಹದಲ್ಲಿರುವುದಾದರೋ ಅರ್ಧ ಕೊಡವನ್ನೂ ತುಂಬದ ರಕ್ತ. ಧಮನಿಗಳಿಂದ ಸಿರೆಗಳಿಗೆ ರಕ್ತ ದಾಟುವ ಸೇತುವೆಯನ್ನು ಹಾರ್ವೆ ಕಾಣದೆಹೋದನು. 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಪುಪ್ಪುಸವನ್ನು ನೋಡಿ ಕೂದಲಿಗಿಂತ ಸಣ್ಣವಾದ ಲೋಮನಾಳಗಳನ್ನು ಕಂಡನು.

ಇಲ್ಲಿಯವರೆಗಿನ ಅರಿವೆಲ್ಲ ಬಹುಮಟ್ಟಿಗೆ ಶವದಿಂದಲೂ ಪ್ರಾಣಿಗಳಿಂದಲೂ ಬಂದುದು; ಬದುಕಿರುವವನ ಎದೆಯನ್ನು ಗಾಯಮಾಡದೆ ಅರಿಯುವ ಉಪಾಯಕ್ಕೆ ಕಿವಿ ನೆರವಾಯಿತು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳಗೆಣ್ಣಿನಿಂದ ತಟ್ಟಿ ಬಿರುಕನ್ನು ಕಂಡುಹಿಡಿಯುವಳು, ತೆಂಗಿನಕಾಯಿ ವ್ಯಾಪಾರಿ ಕುಟ್ಟಿ ಒಳಗಣ ಕೊಬ್ಬರಿಯನ್ನು ಅಳೆಯುವನು. ಆಸ್ಟ್ರಿಯಾದ ಗ್ರಾಟ್ಸ್ ಪಟ್ಟಣದ ವಸತಿಗೃಹದವನ ಮಗನಾದ ಆವೆನ್‌ಬ್ರುಗ್ಗರ್, ಪೀಪಾಯಿಯನ್ನು ತಟ್ಟಿ ಮದ್ಯದ ಮಟ್ಟವನ್ನು ತಿಳಿಯುವ ರೂಢಿಯನ್ನು ಹೋಲುವ ವಿಧಾನವನ್ನೇ ರೋಗಿಯ ಎದೆಗೆ ಬಳಸಿ, ನೀರು ತುಂಬಿದ ಕಡೆ ಮಂದವಾದ, ಗಾಳಿ ಇರುವ ಕಡೆ ಮೊಳಗುವ ಧ್ವನಿಯನ್ನು 1761ರಲ್ಲಿ ವಿವರಿಸಿದನು. 1816ರಲ್ಲಿ ಫ್ರಾನ್ಸಿನ ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿಸುತ್ತಿ ಆಲಿಸಿದಾಗ ಸ್ಟೆತಾಸ್ಕೋಪು ಹುಟ್ಟಿತು. ಬದುಕಿದ್ದಾಗ ಕೇಳಿದ ಸದ್ದನ್ನು ಸತ್ತ ಬಳಿಕ ಕಂಡ ಗಾಯದೊಡನೆ ತಾಳೆನೋಡಿದ ಆ ಮಹನೀಯನು 1826ರಲ್ಲಿ ಕ್ಷಯರೋಗದಿಂದಲೇ ತೀರಿಕೊಂಡನು.

ನಮ್ಮ ನಾಡಿನಲ್ಲಿ 1835ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮರುವರ್ಷ, ಆಯುರ್ವೇದ ಪಂಡಿತರಾದ ಮಧುಸೂದನ ಗುಪ್ತರು ಮಾನವಶವವನ್ನು ಛೇದಿಸಿ, ಸುಶ್ರುತನ ಬಳಿಕ ಮರೆಯಾಗಿದ್ದ ಸಂಪ್ರದಾಯವನ್ನು ಹೊಸ ರೂಪದಲ್ಲಿ ಮರಳಿ ತಂದರು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಅದಕ್ಕೂ ಮೊದಲು, 1921ರಲ್ಲಿ, ಕ್ಷಯಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಾಲಯ ತೆರೆದಿತ್ತು. ಅನಾಥಶವಗಳನ್ನು ಅಧ್ಯಯನಕ್ಕೆ ಒದಗಿಸುವ ಅಂಗರಚನಾ ಶಾಸನವು 1957ರಲ್ಲಿ ಜಾರಿಗೆ ಬಂದಿತು; ತಮ್ಮ ದೇಹವನ್ನು ತಾವಾಗಿ ಕಾಲೇಜುಗಳಿಗೆ ಅರ್ಪಿಸುವವರು ಇಂದು ನಮ್ಮ ನಡುವೆ ಇರುವುದು, ಈ ವಿದ್ಯೆಗೆ ಸಮಾಜವು ಸಲ್ಲಿಸುವ ಅತ್ಯಂತ ದೊಡ್ಡ ಗೌರವ.

ಹೊಸ ವಿದ್ಯೆಗೆ ಕನ್ನಡದ ಮಾತು ಒದಗಿಸಿದವರನ್ನೂ ಇಲ್ಲಿ ನೆನೆಯಬೇಕು. ತುಮಕೂರು ಸೀಮೆಯ ಬೆಳ್ಳಾವೆಯನ್ನು ಹೆಸರಿನಲ್ಲಿಯೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿ, ಮುಂದೆ ‘ಜೀವವಿಜ್ಞಾನ’ವನ್ನು ಬರೆದರು. ಆ ಹಿರಿಯರ ಕಾಲದಿಂದಲೂ ಸಂಸ್ಕೃತದ ಪದ, ಆಡುಮಾತಿನ ಪದ ಎರಡೂ ಜೊತೆಜೊತೆಯಾಗಿ ಸಾಗಿಬಂದಿವೆ. ಒಂದು ಅಕ್ಷರದ ಅಂತರದಲ್ಲಿ ಅರ್ಥವೇ ತಿರುವುಮುರುವಾಗುವ ಅಪಧಮನಿ, ಅಭಿಧಮನಿಗಳ ಮುಂದೆ ಶಾಲೆಯ ಮಕ್ಕಳು ತಬ್ಬಿಬ್ಬಾಗುವುದನ್ನು ಕಂಡಾಗಲೆಲ್ಲ, ಧಮನಿ, ಸಿರೆ ಎಂಬ ಹಳೆಯ ಜೋಡಿಯೇ ಉಳಿಯಬಾರದಿತ್ತೆ ಎಂದು ನನಗೆ ಅನಿಸುವುದುಂಟು.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಬಳಿಕ ಎದೆಗೂಡು ಬೆಳಕಿಗೇ ತೆರೆದುಕೊಂಡಿತು. ಬಲಪುಪ್ಪುಸಕ್ಕೆ ಮೂರು ಹಾಲೆ, ಎಡದ್ದಕ್ಕೆ ಎರಡು ಎಂದು ಶವದಲ್ಲಿ ಎಣಿಸಿದ್ದುದನ್ನು ಉಸಿರಾಡುವ ಮನುಷ್ಯನಲ್ಲಿಯೇ ಗುರುತಿಸುವುದೂ, ಕ್ಷಯವು ಮೇಲಣ ಹಾಲೆಯ ತುದಿಯಲ್ಲಿ ನೆಲೆಗೊಳ್ಳಲು ಒಲಿಯುವುದನ್ನು ಕಾಣುವುದೂ ಸಾಧ್ಯವಾಯಿತು. ಈ ಸಾಧನವನ್ನು ಹಳ್ಳಿಗಾಡಿಗೆ ಒಯ್ದು ಅಳೆದ ಮಹತ್ತ್ವದ ಸಮೀಕ್ಷೆಗಳಲ್ಲಿ ಒಂದು ನಡೆದುದು ನಮ್ಮ ತುಮಕೂರು ಜಿಲ್ಲೆಯಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ಜಿಲ್ಲೆಯ ಆಯ್ದ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಎದೆಯ ಕಿರುಚಿತ್ರಗಳನ್ನು ತೆಗೆದು, ಕಫವನ್ನು ಪರೀಕ್ಷಿಸಿ, ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ರೋಗಾಣುವಿರುವುದನ್ನು ಕಂಡರು.

ಅಷ್ಟಕ್ಕೇ ಆ ಕೆಲಸ ನಿಂತಿದ್ದರೆ ಅದು ಬರಿಯ ಎಣಿಕೆಯಾಗಿ ಉಳಿಯುತ್ತಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ಹೀಗೆ ಪತ್ತೆಯಾದ ರೋಗಿಗಳ ಮನೆಗೆ ಹೋಗಿ, ನಿಮಗೇನಾಗುತ್ತಿದೆಯೆಂದು ಕೇಳಿ, 1963ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಬರುವವರಲ್ಲ ಎಂಬ ಪಟ್ಟಣದ ನಂಬಿಕೆ ಅಲ್ಲಿಗೆ ಕುಸಿಯಿತು: ಬಹುಪಾಲು ರೋಗಿಗಳು ತಮ್ಮ ಕೆಮ್ಮು, ಜ್ವರ, ಎದೆನೋವುಗಳನ್ನು ಚೆನ್ನಾಗಿ ಅರಿತಿದ್ದರು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿ, ಕೆಮ್ಮಿನ ಔಷಧದ ಬಾಟಲಿಯೊಂದಿಗೆ ಹಿಂದಿರುಗಿದ್ದರು. ಊರೂರಿಗೆ ಯಂತ್ರವನ್ನು ಹೊತ್ತು ತಿರುಗುವುದಕ್ಕಿಂತ, ತಾವಾಗಿ ಬಂದು ಕೆಮ್ಮೆನ್ನುವವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಬೇಕೆಂಬ ತತ್ತ್ವವು, ಫಲಿತಾಂಶದ ಪ್ರಕಟಣೆಗೂ ಮೊದಲೇ, ಈ ಅಧ್ಯಯನಗಳಿಂದ ಬಲಗೊಂಡು, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಇನ್ನು ಹೃದಯದ ಕಡೆಯ ಪ್ರಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1929ರಲ್ಲಿ ಜರ್ಮನಿಯ ಫೋರ್ಸ್‌ಮನ್ ತನ್ನ ತೋಳಿನ ಸಿರೆಯಿಂದ ತನ್ನದೇ ಹೃದಯಕ್ಕೆ ನಳಿಗೆಯನ್ನು ತೂರಿಸಿ ತೋರಿಸಿದ ದಾರಿಯೂ, 1953ರಲ್ಲಿ ಗಿಬ್ಬನ್ ಬಳಸಿದ ಹೃದಯ-ಪುಪ್ಪುಸ ಯಂತ್ರವೂ, ಧ್ವನಿತರಂಗದ ಚಿತ್ರವೂ, ಸಿ.ಟಿ. ಸ್ಕ್ಯಾನೂ ಕೂಡಿ, ಶವದ ಮೇಜಿನಿಂದ ಕಲಿತುದನ್ನು ಮಿಡಿಯುತ್ತಿರುವ ಗುಂಡಿಗೆಯ ಮೇಲೆಯೇ ಪ್ರಯೋಗಿಸುವ ಧೈರ್ಯ ನೀಡಿದುವು. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಿಗೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಬಸ್ಸುಗಳಿಂದಿಳಿದ ರೈತನೂ ಹೋಗಬಲ್ಲನು.

ಆದರೂ ಗೌಡಗೆರೆಯ ಕುರಿಗಾಹಿಯು ಎದೆ ಬಿಗಿಯುತ್ತದೆ, ದಮ್ಮು ಕಟ್ಟುತ್ತದೆ, ಪಕ್ಕೆ ಹಿಡಿದಿದೆ ಎಂದಾಗ, ಆ ಮೂರು ಮಾತುಗಳಲ್ಲಿ ಹೃದಯ, ಶ್ವಾಸನಾಳ, ಪುಪ್ಪುಸದ ಹೊದಿಕೆ ಎಂಬ ಮೂರು ಬೇರೆಬೇರೆ ಅಂಗಗಳು ನುಡಿಯುತ್ತಿರಬಹುದು. ಕಲ್ಲುಕುಟಿಗನ ಎದೆಯಲ್ಲಿ ಧೂಳು ಕುಳಿತಿರಬಹುದು. ಎರಡು ವಾರ ಮೀರಿದ ಕೆಮ್ಮಿನಲ್ಲಿ ಕ್ಷಯ ಅಡಗಿರಬಹುದು. ಶಾಲೆಯ ಉಪಾಧ್ಯಾಯರು ಎದೆಗೂಡಿನ ಚಿತ್ರವನ್ನು ಬರೆಯಿಸುವಾಗ ಶ್ವಾಸಕೋಶದ ಪಕ್ಕದಲ್ಲಿ ಪುಪ್ಪುಸವೆಂದೂ ಹೃದಯದ ಪಕ್ಕದಲ್ಲಿ ಗುಂಡಿಗೆಯೆಂದೂ ಬರೆಯಿಸಲಿ. ವೈದ್ಯರು ಕಿವಿಗೆ ಸ್ಟೆತಾಸ್ಕೋಪನ್ನು ಏರಿಸುವ ಮುನ್ನ, ಎದುರಿಗೆ ಕುಳಿತ ಹಿರಿಯನು ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸುವ ಜಾಗವನ್ನು ನೋಡಿ, ‘ಎಷ್ಟು ದಿನದಿಂದ ಅಜ್ಜ?’ ಎಂದು ಕೇಳಿ, ಆತನು ಹೇಳಿ ಮುಗಿಸುವವರೆಗೆ ಕಾಯಲಿ.