ಜಗಲಿ, ತೊಟ್ಟಿ, ಕೊಟ್ಟಿಗೆ: ಚಿಕ್ಕಲಸಂದ್ರದ ಸುತ್ತಣ ಸೀಮೆಯ ಹಿರಿಯ ಮನೆಗಳು

ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ ಚಿಕ್ಕಲಸಂದ್ರವು ಇಂದು ಬನಶಂಕರಿಯ ಬಡಾವಣೆಗಳೊಡನೆ ಬೆರೆತುಹೋಗಿದೆ. ಹೆಸರಿನ ಕೊನೆಯ 'ಸಂದ್ರ'ವು 'ಸಮುದ್ರ' ಶಬ್ದದ ಸವೆದ ರೂಪ. ಶಾಸನಗಳಲ್ಲಿ ದೊಡ್ಡ ಕೆರೆಗೆ ಈ ಶಬ್ದ ಬಳಕೆಯಾಗಿದೆ. ಕೆರೆ, ಹೊಲ ಮತ್ತು ಗೋಮಾಳಗಳನ್ನು ಆಧರಿಸಿದ್ದ ಇಂತಹ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರ ಮನೆತನಗಳ ಪ್ರಾಬಲ್ಯವು ಮನೆಯ ವಿನ್ಯಾಸದಲ್ಲಿಯೇ ವ್ಯಕ್ತವಾಗುತ್ತಿತ್ತು.

ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ನಡುವಿನ ತೆರೆದ ಅಂಗಳದ ಸುತ್ತ ಕಂಬಸಾಲಿನ ಹಜಾರ, ಅದರಾಚೆ ಕೋಣೆಗಳು ಇರುತ್ತವೆ. ಮುಂದಿನ ಜಗಲಿಯು ಕೇವಲ ವಿಶ್ರಾಂತಿಯ ಸ್ಥಳವಲ್ಲ. ಕಂದಾಯದ ಲೆಕ್ಕ, ನ್ಯಾಯ ಪಂಚಾಯಿತಿಗಳು ಅಲ್ಲಿಯೇ ನಡೆಯುತ್ತಿದ್ದವು. ತೊಟ್ಟಿಯು ಅವಿಭಕ್ತ ಕುಟುಂಬದ ಕೇಂದ್ರ. ಕೊಟ್ಟಿಗೆಯಾದರೋ ಸಂಪತ್ತಿನ ಅಳತೆ.

ಈ ಸೀಮೆಯ ಪಶುಸಂಪತ್ತಿನಲ್ಲಿ ಹಳ್ಳಿಕಾರ್ ತಳಿಗೆ ಅಗ್ರಸ್ಥಾನ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಅರಮನೆಯ ದನಗಳಿಗೆ ಕಾವಲುಗಳು ಮೀಸಲಾಗಿದ್ದವು. ಅರಮನೆಗೆ ಕಾವಲುಗಳಿದ್ದಂತೆ ಹಳ್ಳಿಗೆ ಗೋಮಾಳ. ಉತ್ತಮ ಜೋಡಿ ಎತ್ತುಗಳು ಉಳುಮೆಗಷ್ಟೇ ಅಲ್ಲದೆ ಮನೆತನದ ಗೌರವಕ್ಕೂ ಆಧಾರವಾಗಿದ್ದವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯು ಈ ಪರಂಪರೆಗೆ ಸಾಕ್ಷಿ.

ಈ ಮೂರು ಆಧಾರಗಳೂ ಒಂದೊಂದಾಗಿ ಕಳಚಿದವು. ಗ್ರಾಮಾಧಿಕಾರ ರದ್ದಿಯಾತಿ ಶಾಸನವು (1961) 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡಾಗ ಜಗಲಿಯು ಕಚೇರಿಯಾಗಿ ಉಳಿಯಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿಯ ಹಕ್ಕು ದೊರೆತು, ಗೇಣಿಯನ್ನು ನಂಬಿದ್ದ ದೊಡ್ಡ ಮನೆಗಳ ಆದಾಯ ಕುಗ್ಗಿತು. 1976ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳೂ ಖಾಸಗಿ ಬಡಾವಣೆಗಳೂ ಹಬ್ಬಿದಂತೆ ಹೊಲ, ಗೋಮಾಳಗಳು ನಿವೇಶನಗಳಾದವು. ಮೇವಿಲ್ಲದೆ ಕೊಟ್ಟಿಗೆ ಬರಿದಾಯಿತು. ಪಾಲು ವಿಭಾಗದಲ್ಲಿ ತೊಟ್ಟಿಯ ನಡುವೆಯೇ ಗೋಡೆ ಎದ್ದದ್ದೂ ಉಂಟು.

ಈ ಬದಲಾವಣೆಯನ್ನು ಕೇವಲ ಅವನತಿಯೆಂದು ಬಗೆಯುವುದು ಸರಿಯಲ್ಲ. ಜಗಲಿಯ ಮೇಲೆ ಯಾರು ಕೂಡಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬ ಜಾತಿಯ ಕಟ್ಟಳೆಯೂ ಅದೇ ವಿನ್ಯಾಸದ ಭಾಗವಾಗಿತ್ತು. ಆದ್ದರಿಂದ ಕೆತ್ತನೆಯ ಕಂಬ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಉಳಿಸಿದರೆ ಇತಿಹಾಸ ಉಳಿಯದು. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯು ಸ್ಮಾರಕವಾಗಿ ಉಳಿದಿರುವುದು ಕವಿಯ ಕೀರ್ತಿಯಿಂದ. ಅಂತಹ ಹೆಸರಿನ ಬಲವಿಲ್ಲದ ಮನೆಗಳಿಗೆ ದಾಖಲೀಕರಣವೇ ಆಸರೆ. ಮನೆಯ ನಕ್ಷೆ, ಕಂದಾಯ ಕಡತ ಹಾಗೂ ಆಳುಮಕ್ಕಳ, ದನಗಾಹಿಗಳ ನೆನಪುಗಳನ್ನು ಒಟ್ಟಿಗೆ ಸಂಗ್ರಹಿಸಿದಾಗ ಮಾತ್ರ ಈ ಮನೆಗಳು ಒಂದು ಮನೆತನದ ಚರಿತ್ರೆಯನ್ನು ಮೀರಿ ಇಡೀ ಊರಿನ ಚರಿತ್ರೆಗೆ ಆಕರವಾಗಬಲ್ಲವು.