ಬೆರ್ರಿ, ಬಕ್, ಮಿಲ್ಸ್, ಸ್ಟೈಪ್

ಇಂಜಿನಿಯರಿಂಗ್ ಕೊನೇ ವರ್ಷ ನಾವು ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಿದ್ದೆವು. ರಿಪೋರ್ಟಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಅಂತ ಜಗಳ ಶುರುವಾಯ್ತು. ಮುಕ್ಕಾಲು ಪಾಲು ಕೋಡ್ ಬರೆದವನ ಹೆಸರು ಕೊನೆಗೆ ಹೋಯ್ತು. ಅವನೇನೂ ಮಾತಾಡಲಿಲ್ಲ. ಆಮೇಲೂ ಹೆಚ್ಚು ಮಾತಾಡಲಿಲ್ಲ ಅನ್ನಿ...

ಇದು ನೆನಪಾಗಿದ್ದು ಆರ್.ಇ.ಎಂ. ಅನ್ನೋ ಅಮೆರಿಕದ ಬ್ಯಾಂಡಿನ ಹಾಡುಗಳನ್ನು ಕೇಳ್ತಾ. ಈ ಬ್ಯಾಂಡಿನವರ ಸ್ವಂತ ಹಾಡುಗಳ ಕೆಳಗೆ ಬರೆದವರ ಹೆಸರು ನೋಡಿದರೆ ಬೆರ್ರಿ, ಬಕ್, ಮಿಲ್ಸ್, ಸ್ಟೈಪ್. ಯಾರು ರಾಗ ತಂದರು, ಯಾರು ಸಾಹಿತ್ಯ ಬರೆದರು, ಯಾರು ಸುಮ್ಮನೆ ಕೂತಿದ್ದರು ಅನ್ನೋ ಲೆಕ್ಕವೇ ಇಲ್ಲ. ಅಕ್ಷರಮಾಲೆಯ ಕ್ರಮದಲ್ಲಿ ನಾಲ್ಕು ಹೆಸರು, ದುಡ್ಡೂ ನಾಲ್ಕು ಸಮಪಾಲು.

ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನೋ ಯೂನಿವರ್ಸಿಟಿ ಊರಿನಲ್ಲಿ, 1980ರ ಏಪ್ರಿಲ್ 5ರಂದು, ಒಂದು ಹಳೇ ಚರ್ಚಿನಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಇವರು ಮೊದಲ ಸಲ ನುಡಿಸಿದ್ದು. 1983ರಲ್ಲಿ ಮೊದಲ ಆಲ್ಬಮ್ 'ಮರ್ಮರ್' ಬಂತು. ಸ್ಟೈಪ್ ಏನು ಹಾಡ್ತಾನೆ ಅಂತ ಅಮೆರಿಕನ್ನರಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ, ಇನ್ನು ನಮ್ಮಂಥವರ ಪಾಡೇನು! ಆದರೂ ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆಲ್ಬಮ್ ಅಂತ ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಬಿಟ್ಟು ಇದನ್ನೇ ಆರಿಸಿತು.

1991ರಲ್ಲಿ 'ಔಟ್ ಆಫ್ ಟೈಮ್' ಬಂತು. ಪೀಟರ್ ಬಕ್ ಆಗ ಮ್ಯಾಂಡೊಲಿನ್ ಕಲೀತಿದ್ದ. (ಮ್ಯಾಂಡೊಲಿನ್ ಅಂದರೆ ನನಗೆ ಯು. ಶ್ರೀನಿವಾಸ್ ಮಾತ್ರ ಗೊತ್ತಿತ್ತು.) ಟಿವಿ ನೋಡ್ತಾ ನುಡಿಸಿ ರೆಕಾರ್ಡ್ ಮಾಡಿಟ್ಟ ತುಣುಕೇ 'ಲೂಸಿಂಗ್ ಮೈ ರಿಲಿಜನ್' ಆಯ್ತು. ನಾನು ಬಹಳ ದಿನ ಇದು ನಾಸ್ತಿಕನಾದವನ ಹಾಡು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅಮೆರಿಕದ ದಕ್ಷಿಣದವರಿಗೆ ಆ ಮಾತಿನ ಅರ್ಥ ತಾಳ್ಮೆ ಕಟ್ಟೆಯೊಡೆಯೋದು ಅಂತ! ಅದರ ವಿಡಿಯೋ ಮಾಡಿದ್ದು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಆ ವರ್ಷದ ಎಂಟಿವಿ ಪ್ರಶಸ್ತಿಗಳಲ್ಲಿ ಆರು ಇದಕ್ಕೇ ಬಂದವು.

ಮರುವರ್ಷದ 'ಆಟೊಮ್ಯಾಟಿಕ್ ಫಾರ್ ದ ಪೀಪಲ್' ನನ್ನ ಪ್ರಕಾರ ಇವರ ಅತ್ಯುತ್ತಮ ಆಲ್ಬಮ್. ಹೆಸರು ಊರಿನ ಒಂದು ಹೋಟೆಲಿನ ಬೋರ್ಡಿನದು. ಅದರಲ್ಲಿರುವ 'ಎವ್ರಿಬಡಿ ಹರ್ಟ್ಸ್' ಎಲ್ಲರಿಗೂ ಸ್ಟೈಪ್‌ನ ಹಾಡು. ಆದರೆ ಬಹುಪಾಲು ಬರೆದದ್ದು ಡ್ರಮ್ಸ್ ನುಡಿಸುವ ಬಿಲ್ ಬೆರ್ರಿ. ತಮಾಷೆ ಅಂದರೆ ಹಾಡಿನ ಶುರುವಿನಲ್ಲಿ ಟಿಕ್ ಟಿಕ್ ಅನ್ನೋದು ಡ್ರಮ್ ಮಷೀನು.

1995ರ ಮಾರ್ಚ್ 1, ಸ್ವಿಟ್ಜರ್ಲೆಂಡಿನ ಲೊಸಾನ್. ಕಾರ್ಯಕ್ರಮದ ಮಧ್ಯೆ ಬೆರ್ರಿಗೆ ಸಹಿಸಲಾಗದ ತಲೆನೋವು. ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಆಪರೇಷನ್ ಆಗಿ ಬದುಕಿದ, ಮೇ ತಿಂಗಳಲ್ಲಿ ಮತ್ತೆ ಟೂರ್‌ಗೂ ಬಂದ. 1996ರಲ್ಲಿ ವಾರ್ನರ್ ಕಂಪನಿ ಜೊತೆ ಹೊಸ ಒಪ್ಪಂದ ಆಯ್ತು, ಸುಮಾರು 8 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಮರುವರ್ಷ ಅಕ್ಟೋಬರಿನಲ್ಲಿ ಬೆರ್ರಿ ಬ್ಯಾಂಡ್ ಬಿಟ್ಟ! ಜಗಳ ಇಲ್ಲ, ಸಾಕಾಗಿತ್ತು ಅಷ್ಟೆ. ನಾನು ಹೋದರೆ ನೀವು ಬ್ಯಾಂಡ್ ಮುಚ್ಚೋದಾದರೆ ಹೋಗಲ್ಲ ಅಂದಿದ್ದನಂತೆ. ಮೂರು ಕಾಲಿನ ನಾಯಿಯೂ ನಾಯಿಯೇ, ಬೇರೆ ಥರ ಓಡೋದು ಕಲೀಬೇಕು ಅಂದ ಸ್ಟೈಪ್. ಬೆರ್ರಿ ಹೊಲ ನೋಡಿಕೊಳ್ಳೋಕೆ ಹೋದ.

1998ರ 'ಅಪ್' ಆಲ್ಬಮ್ಮಿನಿಂದ ಮೂರೇ ಹೆಸರು. ನಂತರದ ಆಲ್ಬಮ್‌ಗಳಲ್ಲಿ ಒಳ್ಳೇ ಹಾಡುಗಳಿವೆ, ಆದರೆ 2004ರ 'ಅರೌಂಡ್ ದ ಸನ್' ನನ್ನಿಂದ ಪೂರ್ತಿ ಕೇಳೋಕೆ ಆಗಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಬ್ಯಾಂಡನ್ನೇ ನಿಲ್ಲಿಸಿದರು.

2024ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಇವರನ್ನು ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಹಾಡು ಬರೆದವರಿಗೆ ಅಂತಲೇ ಇರೋ ಗೌರವ, ಬೆರ್ರಿಯೂ ಸೇರಿ ನಾಲ್ಕೂ ಜನಕ್ಕೆ. ಆ ರಾತ್ರಿ ನಾಲ್ವರೂ ಒಟ್ಟಿಗೆ ನಿಂತು ಅದೇ ಮ್ಯಾಂಡೊಲಿನ್ ಹಾಡು ಹಾಡಿದರು.

ಆ ವಿಡಿಯೋ ಲಿಂಕನ್ನು ನಮ್ಮ ಹಳೇ ಪ್ರಾಜೆಕ್ಟ್ ಗ್ರೂಪಿಗೆ ಹಾಕಿದೆ. ಇಬ್ಬರು ನೋಡಿದರು. ಅವನು ಗ್ರೂಪ್ ಬಿಟ್ಟು ಎಷ್ಟೋ ದಿನ ಆಗಿತ್ತು, ನಾನೇ ಗಮನಿಸಿರಲಿಲ್ಲ.